ಗಿಡಗಳ ಲ್ಯಾಟಿನ್ ಹೆಸರು ಕನ್ನಡದಲ್ಲಿ ಬರೆಯುವಾಗ ‘ಸಿ’ ಅಕ್ಷರಕ್ಕೆ ಕ ಹಾಕುವುದಾ, ಸ ಹಾಕುವುದಾ?

ಸಸಿ ಅಕ್ಕ, ಶಿರಸಿ:

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರ ಕಾಡುಗಿಡಗಳ ನರ್ಸರಿಯಲ್ಲಿ ಕೆಲಸ ಮಾಡುತ್ತೇನೆ. ಮುರುಗಲು, ಉಪ್ಪಾಗೆ, ರಾಮಪತ್ರೆ, ದಾಲ್ಚಿನ್ನಿ, ನೇರಳೆ, ಹೀಗೆ ನಮ್ಮ ಬೆಟ್ಟದ ಗಿಡಗಳೇ ಜಾಸ್ತಿ. ಮಳೆಗಾಲಕ್ಕೆ ಮೊದಲು ಹೊಸ ತಗಡಿನ ಬೋರ್ಡು ಬರೆಸಬೇಕು. ಮೇಲೆ ಊರ ಹೆಸರು, ಕೆಳಗೆ ಲ್ಯಾಟಿನ್ ಹೆಸರು. ಆ ಲ್ಯಾಟಿನ್ ಹೆಸರೂ ಕನ್ನಡ ಅಕ್ಷರದಲ್ಲೇ ಇರಬೇಕು ಅನ್ನುವುದು ನನ್ನ ಹಟ. ಸಸಿ ಒಯ್ಯಲು ಬರುವ ಅಜ್ಜಂದಿರು, ಹೆಂಗಸರು, ಶಾಲೆ ಮಕ್ಕಳು ಅದನ್ನು ಬಾಯಿಬಿಟ್ಟು ಓದಬೇಕು. ಒಂದೇ ಗಿಡಕ್ಕೆ ಘಟ್ಟದ ಮೇಲೆ ಒಂದು ಹೆಸರು, ಕೆಳಗೆ ಇನ್ನೊಂದು. ಲ್ಯಾಟಿನ್ ಹೆಸರು ಗೊತ್ತಿದ್ದರೆ ಗೊಂದಲ ಇಲ್ಲ, ಅಲ್ವಾ?

ತೊಂದರೆ ಬಂದದ್ದು ಇಲ್ಲಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಓದುವವರು ತಮಗೆ ಬಂದ ಹಾಗೆ ಓದಿಕೊಳ್ಳುತ್ತಾರೆ. ಕನ್ನಡದಲ್ಲಿ ಹಾಗಾಗುವುದಿಲ್ಲ. ಕ ಬರೆದರೆ ಕ, ಸ ಬರೆದರೆ ಸ. ದಾಲ್ಚಿನ್ನಿಯ ಹೆಸರನ್ನು ಇಲ್ಲಿಯವರು ‘ಸಿನ್ನಮೋಮಮ್’ ಅನ್ನುತ್ತಾರೆ. ಒಂದು ವಿಡಿಯೋದಲ್ಲಿ ‘ಕಿನ್ನಮೋಮುಮ್’ ಅಂತ ಕೇಳಿದೆ. ನೇರಳೆಯ ಹೆಸರಿನಲ್ಲಿ ವೈ ಎರಡು ಸಲ ಬರುತ್ತದೆ, ನಡುವೆ ಝೆಡ್ ಬೇರೆ. ಇನ್ನು ನಮ್ಮ ಕತ್ತಲೆಕಾನಿನ ಮರದ ಹೆಸರನ್ನು ಹೊರಗಿನ ವಿದ್ಯಾರ್ಥಿಗಳು ‘ಕಥಲೆಕನೆನ್ಸಿಸ್’ ಎಂದು ಓದುವಾಗ ನನಗೆ ಸಂಕಟವಾಗುತ್ತದೆ. ತಿಳಿದವರು ಹೇಳಿ, ಬೋರ್ಡಿನ ಮೇಲೆ ಏನು ಬರೆಸಲಿ?

ಅಘನಾಶಿನಿ ದಂಡೆ, ಕುಮಟಾ:

ತಂಗೀ, ನಿಮ್ಮ ಹಟ ನನಗೆ ತುಂಬ ಹಿಡಿಸಿತು. ನಾನು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವನು. ನಿವೃತ್ತಿಯ ಮೇಲೆ ಲ್ಯಾಟಿನ್ ಓದಲು ಹಿಡಿದೆ.

ಹಳೆಯ ರೋಮಿನವರ ಬಾಯಲ್ಲಿ ಹೇಗಿತ್ತು ಅಂತ ಕೇಳಿದರೆ ಉತ್ತರ ಸ್ಪಷ್ಟ. ಸಿ ಅಂದರೆ ಯಾವಾಗಲೂ ಕ. ಇದು ಊಹೆಯ ಮಾತಲ್ಲ. ಕ್ರಿ.ಶ. ಒಂದನೇ ಶತಮಾನದಲ್ಲಿ ಕ್ವಿಂಟಿಲಿಯನ್ ಎಂಬ ಗುರು ಇದ್ದ. ಸಿ ಎಲ್ಲ ಸ್ವರಗಳ ಮುಂದೆಯೂ ತನ್ನ ದನಿ ಬಿಡುವುದಿಲ್ಲ, ಹಾಗಿರುವಾಗ ಕೆ ಅಕ್ಷರ ಬೇಕಾಗಿಲ್ಲ ಎಂಬರ್ಥದಲ್ಲಿ ಬರೆದಿಟ್ಟಿದ್ದಾನೆ. ಗ್ರೀಕರು ರೋಮಿನ ಭಾಷಣಕಾರ ಸಿಸೆರೋನ ಹೆಸರನ್ನು ತಮ್ಮ ಲಿಪಿಯಲ್ಲಿ ‘ಕಿಕೆರೋನ್’ ಎಂದೇ ಬರೆದರು. ನಾವು ಸೀಸರ್ ಅನ್ನುವವನು ಅಂದು ಕೈಸರ್. ಜರ್ಮನ್ ಭಾಷೆಯಲ್ಲಿ ಚಕ್ರವರ್ತಿಗೆ ಆ ಪದವೇ ನಿಂತಿದೆ. ಲ್ಯಾಟಿನ್‌ನಲ್ಲಿ ನೂರಕ್ಕೆ ಕೆಂತುಮ್. ಸಾರ್ಡಿನಿಯಾ ದ್ವೀಪದ ಕೆಲವು ಕಡೆ ಇವತ್ತಿಗೂ ‘ಕೆಂತು’ ಅನ್ನುತ್ತಾರೆ.

ಹಾಗಾದರೆ ಆ ಕ ಹೋಗಿ ಚ, ಸ ಬಂದದ್ದು ಹೇಗೆ? ಇದನ್ನು ತಿಳಿಯಲು ರೋಮಿಗೆ ಹೋಗಬೇಕಾಗಿಲ್ಲ. ನಮ್ಮ ಕಿವಿ ತೆಲುಗು, ಮಲಯಾಳದಲ್ಲಿ ಚೆವಿ. ನಮ್ಮ ಕೆರೆ ತೆಲುಗಿನಲ್ಲಿ ಚೆರುವು. ಇ, ಎ ಹೇಳುವಾಗ ನಾಲಿಗೆ ಮುಂದೆ ಬರುತ್ತದೆ. ಅದರ ಹಿಂದಿನ ಕ ಸಹ ಮುಂದಕ್ಕೆ ಜಾರಿ ನಿಧಾನಕ್ಕೆ ಚ ಆಗುತ್ತದೆ. ರೋಮ್ ಸಾಮ್ರಾಜ್ಯದ ಕೊನೆಗಾಲದ ಹೊತ್ತಿಗೆ ಲ್ಯಾಟಿನ್ ಆಡುಮಾತಿನಲ್ಲಿ ಇದೇ ಶುರುವಾಗಿತ್ತು. ಇಟಲಿಯಲ್ಲಿ ಅದು ಚ ಆಗಿ ನಿಂತಿತು. ಫ್ರಾನ್ಸಿನಲ್ಲಿ ಇನ್ನೂ ಜಾರಿ ಸ ಆಯಿತು, ಅಲ್ಲಿಂದ ಇಂಗ್ಲಿಷಿಗೆ ಬಂತು. ದನಿ ಬದಲಾದರೂ ಅಕ್ಷರ ಅದೇ ಉಳಿಯಿತು, ಗೊಂದಲ ಎಲ್ಲ ಅಲ್ಲಿಂದಲೇ. ಕನ್ನಡ ಮಾತ್ರ ಆ ಜಾಗದಲ್ಲಿ ಕ ಬಿಟ್ಟುಕೊಡಲಿಲ್ಲ. ಕಿವಿ, ಕೆರೆ, ಕೆಂಪು ಅನ್ನುವವರಿಗೆ ಕಿನ್ನಮೋಮುಮ್ ಅನ್ನಲು ಏನು ಕಷ್ಟ?

ಜಿ ಕೂಡ ಹಾಗೆಯೇ, ಯಾವಾಗಲೂ ಗ. ಮೊದಲು ಕ, ಗ ಎರಡಕ್ಕೂ ಸಿ ಒಂದೇ ಇತ್ತು. ಕ್ರಿ.ಪೂ. ಮೂರನೇ ಶತಮಾನದಲ್ಲಿ ಸಿಗೆ ಒಂದು ಸಣ್ಣ ಗೀಟು ಸೇರಿಸಿ ಜಿ ಮಾಡಿದರು. ವೈ, ಝೆಡ್ ಎರಡನ್ನೂ ಗ್ರೀಕ್ ಪದ ಬರೆಯಲೆಂದು ಕ್ರಿ.ಪೂ. ಒಂದನೇ ಶತಮಾನದಲ್ಲಿ ತಂದು ಪಟ್ಟಿಯ ಕೊನೆಗೆ ಇಟ್ಟರು. 21 ಇದ್ದದ್ದು 23 ಆಯಿತು. ತುಟಿಯನ್ನು ಉ ಅನ್ನುವ ಹಾಗೆ ದುಂಡಗೆ ಮಾಡಿ ಇ ಹೇಳಿದರೆ ಅದು ವೈ. ಅದಕ್ಕೆ ನಮ್ಮಲ್ಲಿ ಅಕ್ಷರ ಇಲ್ಲ, ಇ ಸಾಕು. ನೇರಳೆಗೆ ‘ಸಿಝಿಗಿಯುಮ್ ಕುಮಿನಿ’ ಎಂದು ಬರೆಸಿ.

ಮುರುಗಲು, ಉಪ್ಪಾಗೆ ಎರಡೂ ಗಾರ್ಸಿನಿಯಾ. ಇದಕ್ಕೆ ಮಾತ್ರ ಸ ಇರಲಿ. ಗಾರ್ಸಿನ್ ಎಂಬ ಸಸ್ಯಶಾಸ್ತ್ರಜ್ಞನ ನೆನಪಿಗೆ, ಗಿಡಗಳಿಗೆ ಲ್ಯಾಟಿನ್ ಜೋಡಿ ಹೆಸರಿಡುವ ರೂಢಿ ತಂದ ಲಿನೇಯಸ್ ಇಟ್ಟ ಹೆಸರು ಅದು. ಫ್ರೆಂಚ್ ಹೆಸರಾದ್ದರಿಂದ ಅಲ್ಲಿ ಸಿ ಅಂದರೆ ಸ. ಮನುಷ್ಯರ ಹೆಸರು, ಊರಿನ ಹೆಸರು ಬಂದಲ್ಲಿ ಅಲ್ಲಿಯವರು ಹೇಳುವ ಹಾಗೇ ಹೇಳಬೇಕು. ಕತ್ತಲೆಕಾನಿನ ವಿಷಯವೂ ಇದೇ. ಸಿದ್ದಾಪುರ ತಾಲೂಕಿನ ಆ ಜೌಗು ಕಾಡಿನ ಮರಕ್ಕೆ 2000ರಲ್ಲಿ ಲ್ಯಾಟಿನ್ ಹೆಸರು ಬಂತು. ಕೊನೆಯ ‘ಎನ್ಸಿಸ್’ ಅಂದರೆ ಆ ಜಾಗದ್ದು ಅಂತಷ್ಟೇ. ಉಳಿದದ್ದೆಲ್ಲ ನಮ್ಮ ಮಾತು. ‘ಸೆಮೆಕಾರ್ಪುಸ್ ಕತ್ತಲೆಕಾನೆನ್ಸಿಸ್’ ಅಂತಲೇ ಬರೆಸಿ. ಇದೊಂದರಲ್ಲಿ ದಯವಿಟ್ಟು ರಾಜಿ ಬೇಡ.

ಕೋಡಿಬಾಗದವ, ಕಾರವಾರ:

ಅಕ್ಕಾ, ಇನ್ನೊಂದು ರೀತಿಯೂ ಇದೆ. ನಾನು ಇಗರ್ಜಿಯ ಗಾಯನ ತಂಡದಲ್ಲಿ ಹಾಡುತ್ತೇನೆ. ಕ್ರಿಸ್‌ಮಸ್ ಹೊತ್ತಿಗೆ ನಮಗೆ ಒಂದೆರಡು ಲ್ಯಾಟಿನ್ ಹಾಡು ಇರುತ್ತದೆ. ಅದರ ಉಚ್ಚಾರ ಇಟಲಿಯದು. 1912ರಲ್ಲಿ ಪೋಪ್ ಹತ್ತನೇ ಪಿಯುಸ್ ಫ್ರಾನ್ಸಿನ ಬೂರ್ಜ್ ನಗರದ ಆರ್ಚ್‌ಬಿಷಪ್ಪರಿಗೆ ಪತ್ರ ಬರೆದು, ಚರ್ಚಿನಲ್ಲಿ ಈ ರೋಮ್ ರೀತಿಯನ್ನೇ ಬಳಸುವುದು ಒಳ್ಳೆಯದು ಎಂದಿದ್ದರು. ನಾವು ಕಲಿತದ್ದೂ ಅದನ್ನೇ. ಇ, ಎ ಮುಂದೆ ಬಂದರೆ ಸಿ ಅಂದರೆ ಚ. ಹಾಗಾಗಿ ನಮ್ಮ ಲೆಕ್ಕದಲ್ಲಿ ನಿಮ್ಮ ಗಿಡ ‘ಚಿನ್ನಮೋಮುಮ್’! ಜಿ ಮತ್ತು ಎನ್ ಒಟ್ಟಿಗೆ ಬಂದರೆ ಞ. ಕುರಿಮರಿಗೆ ‘ಆಞುಸ್’. ಇಂಗ್ಲಿಷ್ ಅಕ್ಷರ ನೋಡಿ ಹಾಡುವವರು ಇಲ್ಲಿ ತಡವರಿಸುತ್ತಾರೆ. ನಾನು ಹಾಡಿನ ಹಾಳೆಯಲ್ಲಿ ಕನ್ನಡದಲ್ಲೇ ಬರೆದುಕೊಳ್ಳುತ್ತೇನೆ, ಆ ದನಿಗೆ ನಮ್ಮಲ್ಲಿ ಅಕ್ಷರ ತಯಾರಿದೆ.

ತ, ಥ ಜಗಳದ ಬಗ್ಗೆ ಒಂದು ಮಾತು. ಮಾಜಾಳಿ ದಾಟಿದರೆ ಗೋವಾ. ಅಲ್ಲಿ ಕೊಂಕಣಿಯನ್ನು ರೋಮಿ ಲಿಪಿಯಲ್ಲೂ ಬರೆಯುತ್ತಾರೆ. ಒಂದು ಟಿ ಇದ್ದರೆ ತ, ಜೋಡಿ ಟಿ ಇದ್ದರೆ ಟ. ಡಿ, ಎನ್, ಎಲ್ ಜೋಡಿಯಾದರೆ ಡ, ಣ, ಳ. ಎಕ್ಸ್ ಅಂದರೆ ಶ, ಅದು ಪೋರ್ಚುಗೀಸರ ರೂಢಿ. ಅನ್ನಕ್ಕೆ ‘ಶೀತ್’ ಅಂತ ಬರೆಯುವಾಗ ಎಕ್ಸ್‌ನಿಂದ ಶುರು ಮಾಡುತ್ತಾರೆ. ನಾವು ಇಂಗ್ಲಿಷ್ ಕಲಿತವರು ತ ಬರೆಯಲು ಟಿ ಜೊತೆ ಎಚ್ ಹಾಕುತ್ತೇವೆ. ಉತ್ತರದ ಕಡೆಯವರು ಅದನ್ನೇ ಥ ಎಂದು ಓದುತ್ತಾರೆ. ಆ ಮಕ್ಕಳ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಕನ್ನಡದಲ್ಲಿ ಬೋರ್ಡು ಹಾಕಿ, ಒಮ್ಮೆ ಓದಿ ಹೇಳಿ, ಸಾಕು.

ಬೇಡ್ತಿ ಕಣಿವೆ, ಯಲ್ಲಾಪುರ:

ಕುಮಟಾದ ಸರ್ ಬರೆದದ್ದು ಚೆನ್ನಾಗಿದೆ. ಆದರೂ ನನ್ನ ಮತ ಸ ಕಡೆಗೆ. ಗಿಡಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ನಿಯಮ ಸ್ಪೆಲಿಂಗ್ ಹೇಗಿರಬೇಕು ಎಂದು ಹೇಳುತ್ತದೆ, ಹೇಗೆ ಉಚ್ಚರಿಸಬೇಕು ಎಂದು ಕಟ್ಟುಪಾಡು ಹಾಕಿಲ್ಲ. ಒಂದೊಂದು ದೇಶದವರು ಒಂದೊಂದು ಥರ ಹೇಳುತ್ತಾರೆ. ನಿಮ್ಮ ನರ್ಸರಿಗೆ ಬರುವ ಮಗು ನಾಳೆ ಕಾಲೇಜಿಗೆ ಹೋದರೆ ಅಲ್ಲಿ ಕೇಳುವುದು ಸಿನ್ನಮೋಮಮ್. ಫಾರೆಸ್ಟರ್ ಹೇಳುವುದೂ ಅದೇ. ಕಿನ್ನಮೋಮುಮ್ ಅಂದರೆ ಅವರಿಗೆ ಬೇರೆ ಗಿಡ ಅನ್ನಿಸುತ್ತದೆ.

ಸಸಿ ಅಕ್ಕ, ಶಿರಸಿ:

ಎಲ್ಲರಿಗೂ ತುಂಬ ಧನ್ಯವಾದ. ಕಿವಿ, ಚೆವಿ ಓದಿದ ಮೇಲೆ ಕ ಎಲ್ಲಿಗೆ ಹೋಯಿತು ಅನ್ನುವುದು ಚೆನ್ನಾಗಿ ತಲೆಗೆ ಹತ್ತಿತು. ಆದರೂ ಯಲ್ಲಾಪುರದವರ ಮಾತು ನರ್ಸರಿಗೆ ಸರಿ ಕಾಣುತ್ತದೆ. ದಾಲ್ಚಿನ್ನಿಗೆ ಸ ಬರೆಸುತ್ತೇನೆ, ಕೆಳಗೆ ಸಣ್ಣದಾಗಿ ಇಂಗ್ಲಿಷ್ ಅಕ್ಷರವೂ ಇರಲಿ. ಗಾರ್ಸಿನಿಯಾ ಹೇಗೂ ಸ. ಕತ್ತಲೆಕಾನು ಮಾತ್ರ ಸರ್ ಹೇಳಿದ ಹಾಗೇ, ಒತ್ತಕ್ಷರ ಸಮೇತ. ಕೊನೆಗೆ ಬರುವುದನ್ನು ಅಮ್ ಅಂತ ಬರೆಯಲಾ, ಉಮ್ ಅಂತಲಾ?

ಅಘನಾಶಿನಿ ದಂಡೆ, ಕುಮಟಾ:

ದಾಲ್ಚಿನ್ನಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೆ ನರ್ಸರಿ ನಿಮ್ಮದು. ಕೊನೆಗೆ ಉಮ್, ಉಸ್ ಅಂತಲೇ ಬರೆಸಿ. ಕಾಳುಮೆಣಸಿಗೆ ‘ನೈಗ್ರಮ್’ ಅಂತ ಕಲಿತ ಮಗು ಸ್ಪೆಲಿಂಗ್ ಕೇಳಿದರೆ ಎ ಹಾಕುತ್ತದೆ. ‘ನಿಗ್ರುಮ್’ ಅಂತ ಕಲಿತದ್ದು ತಾನಾಗಿಯೇ ಯು ಹಾಕುತ್ತದೆ.