ಅಂಗಳಕ್ಕೆ ಮತ್ತೆ ಕಲ್ಲು ಹಾಸಬೇಕು, ಯಾವುದು ಹಾಕಿಸಲಿ?

ಶಿಕ್ಷಕಿ, ಧಾರವಾಡ:
ಎಲ್ಲರಿಗೂ ನಮಸ್ಕಾರ. ನಮ್ಮದು ಹಳೆಯ ಮನೆ. ಮುಂದಿನ ಅಂಗಳ 20 ಅಡಿ ಅಗಲ, ಹೊಸ್ತಿಲಿನಿಂದ ಗೇಟಿಗೆ 12 ಅಡಿ. ಅಲ್ಲಿ ಅಪ್ಪ ಹಾಕಿಸಿದ ಶಹಾಬಾದ್ ಫರಸಿ (ಹಾಸುಗಲ್ಲು) ಇತ್ತು. ಆರು ವರ್ಷದ ಹಿಂದೆ ನಾನೇ ಹಟ ಹಿಡಿದು ಅದನ್ನು ಕೀಳಿಸಿ ಹೊಳೆಯುವ ಟೈಲ್ಸ್ ಹಾಕಿಸಿದೆ. ಎರಡನೇ ಮಳೆಗಾಲಕ್ಕೇ ಟೈಲ್ಸ್ ಎದ್ದವು, ನೀರು ಹೊಸ್ತಿಲ ಬುಡದಲ್ಲಿ ನಿಲ್ಲತೊಡಗಿತು. ಕಳೆದ ಶ್ರಾವಣದಲ್ಲಿ ಬೆಳಿಗ್ಗೆ ರಂಗೋಲಿ ಬಟ್ಟಲು ಹಿಡಿದು ಹೊರಟ ಅವ್ವ ಅಲ್ಲೇ ಜಾರಿ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡಳು. ಅವಳಿಗೆ 74 ವರ್ಷ. ಆ ಸಪ್ಪಳ ಇನ್ನೂ ನನ್ನ ಕಿವಿಯಲ್ಲಿದೆ. ಈ ಬೇಸಿಗೆಯೊಳಗೆ ಅಂಗಳ ಸರಿಯಾಗಲೇಬೇಕು. ಗ್ರಾನೈಟ್ ಹಾಕಿಸಲೋ, ಮತ್ತೆ ಫರಸಿಯೋ? ಹಳೆಯ ಕಲ್ಲುಗಳು ಮಾವಿನ ಮರದ ಕೆಳಗೆ ಒಟ್ಟಿದ ಹಾಗೇ ಇವೆ.

ಬೆಂಗಳೂರಿನಿಂದ:
ನಮ್ಮ ಮನೆಗೆ ಸಾದರಹಳ್ಳಿ ಗ್ರಾನೈಟ್ ಹಾಕಿಸಿದ್ದೇವೆ. ಪಾಲಿಶ್ ಮಾಡಿದ್ದನ್ನು ಮಾತ್ರ ತರಬೇಡಿ, ಒದ್ದೆಯಾದರೆ ಟೈಲ್ಸಿನಷ್ಟೇ ಜಾರುತ್ತದೆ. ಮೇಲ್ಮೈಯನ್ನು ಬೆಂಕಿಯಲ್ಲಿ ಸುಟ್ಟು ಒರಟು ಮಾಡಿದ ಕಲ್ಲು ಕೇಳಿ. ಕಾರು ನಿಲ್ಲಿಸುವುದಾದರೆ ದಪ್ಪ ಕಲ್ಲೇ ಬೇಕು.

ನಿವೃತ್ತ ಎಂಜಿನಿಯರ್, ಹುಬ್ಬಳ್ಳಿ:
ತಂಗಿ, ಕಲ್ಲಿನ ಆಯ್ಕೆ ಆಮೇಲೆ. ಒಂದು ಟೈಲ್ಸ್ ಕಿತ್ತು ಒಂದೂವರೆ ಅಡಿ ಅಗೆದು ನೋಡು. ಎರೆಮಣ್ಣು ಸಿಕ್ಕರೆ ಟೈಲ್ಸ್ ಎದ್ದದ್ದು ಅದರಿಂದಲೇ ಇರಬೇಕು. ಆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೇಲೆ ಏನು ಹಾಸಿದರೂ ಉಳಿಯದು. ಸಾಧ್ಯವಾದಷ್ಟು ಆಳಕ್ಕೆ ತೆಗೆಸಿ ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ತುಂಬಿಸು. ಒಮ್ಮೆಲೇ ಸುರಿಯದೆ ಪದರ ಪದರವಾಗಿ ಹಾಕಿ, ನೀರು ಹೊಡೆದು ಧಮ್ಮಸು ಮಾಡಿಸಬೇಕು. ಅರ್ಧ ಅಡಿ ತುಂಬಲು 120 ಘನ ಅಡಿ ಬೇಕು, ಕುಗ್ಗುವುದನ್ನೂ ಲೆಕ್ಕ ಹಿಡಿದು ಒಂದೂವರೆ ಬ್ರಾಸ್ ತರಿಸು (ಒಂದು ಬ್ರಾಸ್ ಅಂದರೆ 100 ಘನ ಅಡಿ).

ಇಳಿಜಾರು ಆರು ಅಡಿಗೆ ಒಂದು ಇಂಚು. ನಿನ್ನ 12 ಅಡಿಗೆ ಗೇಟಿನ ಬದಿ ಎರಡು ಇಂಚು ತಗ್ಗಬೇಕು. ಗೌಂಡಿ ಕಣ್ಣಂದಾಜಿಗೆ ಹೊರಟರೆ ಒಪ್ಪಬೇಡ, ದಾರ ಕಟ್ಟಿಸಿ ನೀರಿನ ಪೈಪಿನಿಂದ ಮಟ್ಟ ನೋಡಿಸು. ಇನ್ನೊಂದು: ಮೂಲೆಗೊಂದು ಮುದ್ದೆ ಸಿಮೆಂಟ್ ಮಾಲು ಇಟ್ಟು ಕಲ್ಲು ಕೂರಿಸಲು ಬಿಡಬೇಡ. ಕಲ್ಲಿನ ಕೆಳಗೆಲ್ಲ ಮಾಲು ತುಂಬಿರಬೇಕು. ಕರಣೆಯ ಹಿಡಿಯಿಂದ ತಟ್ಟಿದರೆ ಗೊತ್ತಾಗುತ್ತದೆ, ಪೊಳ್ಳಿದ್ದಲ್ಲಿ ಸಪ್ಪಳವೇ ಬೇರೆ.

ಕಲಬುರಗಿಯಿಂದ:
ಅಕ್ಕ, ಆ ಹಳೆಯ ಫರಸಿಯನ್ನು ದಯವಿಟ್ಟು ಎಸೆಯಬೇಡಿ. ಸವೆದು ನುಣುಪಾದವನ್ನು ಮಗುಚಿ ಹಾಕಿಸಿ, ಕೆಳಮುಖ ಸಾಮಾನ್ಯವಾಗಿ ಒರಟಾಗಿರುತ್ತದೆ. ಕಡಿಮೆ ಬಿದ್ದಷ್ಟು ಹೊಸದು ತನ್ನಿ, ಆದರೆ ಹಳೆಯದು ಒಂದು ಬದಿ, ಹೊಸದು ಒಂದು ಬದಿ ಆಗದಂತೆ ಬೆರೆಸಿ ಹಾಕಿಸಿ. ಬಣ್ಣದ ವ್ಯತ್ಯಾಸ ಎದ್ದು ಕಾಣುವುದಿಲ್ಲ. ಫರಸಿ ಸುಣ್ಣದ ಕಲ್ಲು. ಸಂದಿನ ಸಿಮೆಂಟ್ ಕಲೆ ತೆಗೆಯಲು ಆ್ಯಸಿಡ್ ಸುರಿದರೆ ಬುರುಗು ಎದ್ದು ಮೈ ಕಿತ್ತು ಹೋಗುತ್ತದೆ. ಒದ್ದೆ ಚಿಂದಿಯಿಂದ ಅಂದೇ ಒರೆಸಿಸಿ.

ಶಿಕ್ಷಕಿ, ಧಾರವಾಡ:
ಎಲ್ಲರಿಗೂ ತುಂಬಾ ಉಪಕಾರವಾಯಿತು. ಸರ್, ಭಾನುವಾರ ಅಗೆಸಿದೆ. ನೀವು ಹೇಳಿದ್ದೇ ನಿಜ, ಒಂದು ಗೇಣು ಕೆಳಗೆ ಕಪ್ಪು ಮಣ್ಣು, ಬೆರಳು ಹೋಗುವಷ್ಟು ಬಿರುಕು. ದಾರ ಹಿಡಿದು ನೋಡಿದರೆ ಗೇಟಿನ ಬದಿಯೇ ಅರ್ಧ ಇಂಚು ಎತ್ತರ!

ಫರಸಿಯನ್ನೇ ಹಾಕಿಸುತ್ತೇನೆ. ಮರದ ಕೆಳಗೆ ಎರಡಡಿ ಚೌಕದ ಕಲ್ಲು 31 ಇವೆ, ಐದು ಒಡೆದಿವೆ. ಉಳಿದ 26ಕ್ಕೆ ಹೊಸವು 34 ಸೇರಿದರೆ ಅಂಗಳ ತುಂಬುತ್ತದೆ. ಒಂದಷ್ಟು ಹೆಚ್ಚಿಗೆ ತರಿಸುತ್ತೇನೆ.

ಎಣಿಸುವಾಗ ಅವ್ವ ಒಂದು ಕಲ್ಲಿನ ಮುಂದೆ ಕುಳಿತುಬಿಟ್ಟಳು. ಹೊಸ್ತಿಲ ಮುಂದಿದ್ದ ಕಲ್ಲು ಅದು, ದಿನಾ ತೊಳೆದು ತೊಳೆದು ನಡುವೆ ತುಸು ತಗ್ಗಾಗಿದೆ. ಸೆರಗಿನಿಂದ ಧೂಳು ಒರೆಸಿ, “ಇದನ್ನು ಮಗುಚಬೇಡ” ಎಂದಳು. ಹೊಸ್ತಿಲ ಮುಂದೆ ಮಾತ್ರ ಅದನ್ನು ಹಾಕಿಸುವ ಧೈರ್ಯ ನನಗಿಲ್ಲ. ಯಾರೂ ಕಾಲಿಡದ ತುಳಸಿಕಟ್ಟೆಯ ಬುಡದಲ್ಲಿ ಅದಕ್ಕೆ ಜಾಗ ಮಾಡಿದ್ದೇವೆ. ಗರಸಿನ ಗಾಡಿ ಗುರುವಾರ ಬರುತ್ತದೆ.