ಬಲೆ ತುಂಬ ನೊಣ, ಆದ್ರೂ ಹೀರೆಕಾಯಿಯಲ್ಲಿ ಹುಳ!

ಹೀರೆಚಪ್ಪರ (ಚನ್ನಪಟ್ಟಣ):
ಅರ್ಧ ಎಕರೆ ಹೀರೆ ಹಾಕಿದ್ದೇನೆ. ಹೀಚು ಹೆಬ್ಬೆರಳು ಗಾತ್ರ ಆಗುವಷ್ಟರಲ್ಲಿ ಸೊಟ್ಟಗಾಗಿ ಹಳದಿ ತಿರುಗುತ್ತದೆ, ಸೀಳಿದರೆ ಒಳಗೆ ಬಿಳಿ ಹುಳ. ಅಂಗಡಿಯವರು ಕೊಟ್ಟ ಮೋಹಕ ಬಲೆ ಆರು ಕಟ್ಟಿದೆ. ವಾರಕ್ಕೆ ಮುಷ್ಟಿ ಮುಷ್ಟಿ ಊಜಿ (ಕಾಯಿಗೆ ಮೊಟ್ಟೆ ಇಡುವ ನೊಣ) ಬೀಳುತ್ತವೆ, ಕಾಯಿ ಮಾತ್ರ ಹಾಗೇ ಹಾಳಾಗುತ್ತಿದೆ. ಬಲೆ ಇನ್ನೂ ಜಾಸ್ತಿ ಮಾಡಬೇಕಾ?

ಬೇವಿನಮರ:
ಸುಮ್ನೆ ದುಡ್ಡು ಹಾಕಬೇಡಿ. ಬಲೆಯೊಳಗೆ ಇಡುವ ಲ್ಯೂರ್, ಅಂದ್ರೆ ನೊಣ ಸೆಳೆಯುವ ವಾಸನೆ ವಸ್ತು, ಅದರ ಪೊಟ್ಟಣದ ಮೇಲೆ ಏನು ಬರೆದಿದೆ? ಹತ್ತಿರ ಮಾವಿನ ತೋಟ ಇದೆಯಾ?

ಹೀರೆಚಪ್ಪರ:
ಮೀಥೈಲ್ ಯುಜಿನಾಲ್. ಬೇಲಿ ಆಚೆ ಮಾವೇ ಸರ್.

ಬೇವಿನಮರ:
ಅಲ್ಲೇ ಇರೋದು ಎಡವಟ್ಟು. ಅದು ಮಾವಿನ ಊಜಿಯನ್ನು ಸೆಳೆಯುವ ವಾಸನೆ, ನೀವು ಪಕ್ಕದ ತೋಟದ ನೊಣ ಕರೆದು ಹಿಡಿಯುತ್ತಿದ್ದೀರಿ. ಹೀರೆ, ಹಾಗಲ, ಸೋರೆಗೆ ಬರೋದು ಬೇರೆ ಜಾತಿ, ಅದಕ್ಕೆ ಕ್ಯೂ ಲ್ಯೂರ್ ಬೇಕು. ಬಿದ್ದ ನೊಣ ಅಂಗೈ ಮೇಲೆ ಹಾಕಿ ನೋಡಿ: ಬಳ್ಳಿಯ ಊಜಿ ಕೆಂಚಗಿರುತ್ತದೆ, ರೆಕ್ಕೆ ತುದಿಯಲ್ಲಿ ಕಂದು ಮಚ್ಚೆ ಇರುತ್ತದೆ. ಮಾವಿಗೆ ಹೆಚ್ಚಾಗಿ ಬರುವ ಊಜಿಯ ರೆಕ್ಕೆಯಲ್ಲಿ ಅಂಥ ದೊಡ್ಡ ಮಚ್ಚೆ ಇರುವುದಿಲ್ಲ.

ಇನ್ನೊಂದು ಮಾತು, ಇದನ್ನು ಅಂಗಡಿಯವರು ಹೇಳೋದೇ ಇಲ್ಲ: ಎರಡೂ ಲ್ಯೂರಿಗೆ ಬೀಳೋದು ಗಂಡು ಮಾತ್ರ. ಆಗಲೇ ಗಂಡಿನ ಜೊತೆ ಕೂಡಿದ ಹೆಣ್ಣು ನಿಮ್ಮ ಬಲೆ ಕಡೆ ತಿರುಗಿಯೂ ನೋಡದೆ ಹೀಚಿಗೆ ಚುಚ್ಚಿ ಮೊಟ್ಟೆ ಇಡುತ್ತದೆ. ಅದಕ್ಕೇ ಹೂ ಬಿಡುವ ಮೊದಲೇ ಬಲೆ ಕಟ್ಟಬೇಕಿತ್ತು. ಈಗ ಹೆಣ್ಣಿಗೆ ಬೇರೆ ಆಸೆ ತೋರಿಸಿ. ಮೊಟ್ಟೆ ಬಲಿಯಲು ಅದಕ್ಕೆ ಪ್ರೊಟೀನ್ ಬೇಕು, ಹಾಗಾಗಿ ಪ್ರೊಟೀನ್ ಬೈಟಿಗೆ (ಕೀಟನಾಶಕ ಬೆರೆಸಿದ ಪ್ರೊಟೀನ್ ಆಮಿಷ) ಬರುತ್ತದೆ. ಆದರೆ ಬೈಟನ್ನು ಹೀರೆ ಮೇಲೆ ಹೊಡೆಯಬೇಡಿ! ಈ ನೊಣ ಚಪ್ಪರದಲ್ಲಿ ಬಾಳುವುದಿಲ್ಲ, ಮೊಟ್ಟೆ ಇಡಲು ಬಂದು ಹೋಗುತ್ತದೆ, ಉಳಿದ ಹೊತ್ತು ಅಕ್ಕಪಕ್ಕದ ಎತ್ತರದ ಗಿಡಗಳಲ್ಲಿ ಕೂರುತ್ತದೆ. ಅಂಚಿನಲ್ಲಿ ಜೋಳ ಇದ್ದರೆ ಅದರ ಎಲೆ ಮೇಲೆ ಅಲ್ಲಲ್ಲಿ ಚಿಮುಕಿಸಿ. ಬಳ್ಳಿಗೆ ಶೇ. 5 ಬೇವಿನ ಬೀಜದ ಕಷಾಯ ಹೊಡೆಯಿರಿ, ಆ ವಾಸನೆಗೆ ಮೊಟ್ಟೆ ಇಡಲು ಹಿಂಜರಿಯುತ್ತದೆ.

ಹುಳ ಬಿದ್ದ ಕಾಯಿ ಏನು ಮಾಡುತ್ತಿದ್ದೀರಿ?

ಹೀರೆಚಪ್ಪರ:
ಬದುವಿಗೆ ಎಸೆಯುತ್ತೇನೆ...

ಬೇವಿನಮರ:
ಅಯ್ಯೋ, ಮೊದಲು ಅದು ನಿಲ್ಲಿಸಿ. ಹುಳ ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗಿ ಬರುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಬಿಗಿದು ಬಿಸಿಲಿಗೆ ಇಡಿ.

ಹೀರೆಚಪ್ಪರ (ಮೂರು ವಾರದ ನಂತರ):
ಕ್ಯೂ ಲ್ಯೂರಿಗೆ ಮಚ್ಚೆ ರೆಕ್ಕೆಯವೇ ಬೀಳುತ್ತಿವೆ. ಹೊಸ ಹೀಚಲ್ಲಿ ಹುಳ ಕಡಿಮೆ, ಪೂರ್ತಿ ಹೋಗಿಲ್ಲ. ಹಳೇ ಬಲೆ ಬಿಚ್ಚಿ ಮಾವಿನ ತೋಟದ ಅಣ್ಣನಿಗೆ ಕೊಟ್ಟೆ. ಇಷ್ಟು ದಿನ ಪುಕ್ಕಟೆ ಕೆಲಸ ಮಾಡಿಕೊಟ್ಟೆಯಲ್ಲಪ್ಪ ಅಂತ ನಕ್ಕರು.