ಮರಗೆಲಸದ ಶೆಡ್‌ಗೆ ಯಾವ ಅಳತೆ ಟೇಪು ಸೂಕ್ತ?

ಪ್ರಶ್ನೆ (ದಾವಣಗೆರೆ):
ಬಾಗಿಲು, ಕಿಟಕಿ ಹಾಗೂ ವಾರ್ಡ್‌ರೋಬ್ ಮಾಡುವ ಸಣ್ಣ ಶೆಡ್ ಆರಂಭಿಸುತ್ತಿದ್ದೇನೆ. ಮರದ ಲೆಕ್ಕ ಅಡಿ-ಇಂಚಿನಲ್ಲಿ ನಡೆಯುತ್ತದೆ, ಪ್ಲೈವುಡ್‌ನ ದಪ್ಪ ಮಾತ್ರ ಮಿಲಿಮೀಟರಿನಲ್ಲಿ ಬರುತ್ತದೆ. 3 ಮೀಟರಿನ ಟೇಪು ಸಾಕೇ, 5 ಮೀಟರಿನದು ಬೇಕೇ? ಅಂಗಡಿಯಲ್ಲಿ ನೋಡಿದ ಹೊಸ ಟೇಪುಗಳ ಕೊಕ್ಕೆಯೆಲ್ಲ ಅಲುಗಾಡುತ್ತಿತ್ತು. ಅದು ಹಾಗೆಯೇ ಇರಬೇಕೆಂದು ಅಂಗಡಿಯವರು ಹೇಳಿದರು. ನಂಬಬಹುದೇ ಸರ್?

ಉತ್ತರ 1 (ಚಿತ್ರದುರ್ಗ):
ಅವರು ಹೇಳಿದ್ದು ನಿಜ. ಕೊಕ್ಕೆಯು ತನ್ನ ದಪ್ಪದಷ್ಟೇ, ಅಂದರೆ ಸುಮಾರು 1 ಮಿ.ಮೀ. ಸರಿದಾಡಬೇಕು, ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದಾಗ ಅದು ಮುಂದೆ ಬಂದು, ಚೌಕಟ್ಟಿನ ಒಳಮೈಗೆ ಒತ್ತಿದಾಗ ಹಿಂದೆ ಸರಿದು, ಎರಡೂ ಕಡೆ ಸೊನ್ನೆಯನ್ನು ಸರಿಯಾದ ಜಾಗದಲ್ಲಿಯೇ ಇರಿಸುತ್ತದೆ. ಕೆಲವರು ರಿವೆಟ್ ಬಡಿದು ಅದನ್ನು ಬಿಗಿ ಮಾಡುತ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ. ಎಂಟಡಿ ಪ್ಲೈವುಡ್ ಎಂದರೆ 2440 ಮಿ.ಮೀ., ಅದಕ್ಕೆ 3 ಮೀಟರ್ ಸಾಕು. ಆದರೆ ಗೋಡೆಯಿಂದ ಗೋಡೆಗೆ ಅಳೆಯಲು 19 ಮಿ.ಮೀ. ಅಗಲದ 5 ಮೀಟರ್ ಟೇಪೇ ಅನುಕೂಲ.

ಉತ್ತರ 2:
ಪಟ್ಟಿಯ ಮೊದಲ ಭಾಗದಲ್ಲಿ ರೋಮನ್ ಅಂಕಿಯಲ್ಲಿ ದರ್ಜೆ ಮುದ್ರಿಸಿದ್ದರೆ ಅದನ್ನೂ ಗಮನಿಸಿ. ಯುರೋಪಿನ ನಿಯಮದಂತೆ 5 ಮೀಟರ್ ಉದ್ದಕ್ಕೆ ಎರಡನೇ ದರ್ಜೆಯಲ್ಲಿ 1.3 ಮಿ.ಮೀ., ಒಂದನೇ ದರ್ಜೆಯಲ್ಲಿ 0.6 ಮಿ.ಮೀ. ವ್ಯತ್ಯಾಸಕ್ಕೆ ಅವಕಾಶವಿದೆ. ಇದಕ್ಕಿಂತ ಮುಖ್ಯವಾದುದು, ಒಂದು ಕೆಲಸಕ್ಕೆ ಆರಂಭದಿಂದ ಕೊನೆಯವರೆಗೆ ಒಂದೇ ಟೇಪನ್ನು ಬಳಸುವುದು. ಕೊಕ್ಕೆಯ ಮೇಲೆ ಅನುಮಾನವಿದ್ದರೆ 100 ಮಿ.ಮೀ. ಗೆರೆಯಿಂದ ಅಳೆದು, ಆ ನೂರನ್ನು ಕಳೆಯಿರಿ (ಕಳೆಯಲು ಮರೆತರೆ ಹಲಗೆ ಹೋಯಿತೆಂದೇ ಲೆಕ್ಕ).

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಎರಡೂ ಮಾನ ಮುದ್ರಿತವಾದ 5 ಮೀಟರಿನದನ್ನೇ ಕೊಳ್ಳುತ್ತೇನೆ. ಶೆಡ್‌ನೊಳಗಿನ ಗುರುತುಗಳೆಲ್ಲ ಮಿಲಿಮೀಟರಿನಲ್ಲಿಯೇ ಇರಲಿವೆ.